ಅಂಚಿನ ಮಡಿಕೆಯೊಳಗಿನ ಪದಗಳು

ಜೂನ್ 8, 1992

ಅಣ್ಣಾ,

ನಿನ್ನೆ ಮತ್ತೆ ಅದೇ ಕನಸು. ಪರೀಕ್ಷೆಯ ಹಾಲ್‌ನಲ್ಲಿ ಕೂತಿದ್ದೇನೆ. ಎಲ್ಲರ ಮುಂದೆ ಪ್ರಶ್ನೆಪತ್ರಿಕೆ, ನನ್ನ ಮುಂದೆ ಮಾತ್ರ ಮಡಿಸಿಟ್ಟ ಚಾದರ. ಬಿಚ್ಚಿದಷ್ಟೂ ಬಿಚ್ಚಿಕೊಳ್ಳುತ್ತದೆ, ಉದ್ದಕ್ಕೂ ಇಂಗ್ಲಿಷ್ ಪದಗಳು, ಒಂದೂ ಗೊತ್ತಿಲ್ಲ. ಕೈಯಲ್ಲಿ ಪೆನ್ಸಿಲ್ ಇಲ್ಲ, ದಾರವಿಲ್ಲದ ಸೂಜಿ ಇದೆ. ಮೇಲ್ವಿಚಾರಕರು ಬಂದು, "ಹೊರಗಡೆ ನಿಮ್ಮ ಮನೆಯವರು ಕಾಯ್ತಿದ್ದಾರೆ, ಏಳಿ" ಅನ್ನುತ್ತಾರೆ. ನಾನು ಎದ್ದುಬಿಡುತ್ತೇನೆ. ಅಲ್ಲಿಗೆ ಎಚ್ಚರವಾಯಿತು. ಬಾಗಿಲ ಚಿಲಕ ನೋಡಿ ಬಂದೆ, ನಲ್ಲಿ ನೋಡಿ ಬಂದೆ, ಆಮೇಲೂ ಸಮಾಧಾನ ಆಗಲಿಲ್ಲ. ನೀನು, ಅತ್ತಿಗೆ ಹುಷಾರಾಗಿದ್ದೀರಿ ತಾನೆ?

ವಿಷಯಕ್ಕೆ ಬರುತ್ತೇನೆ. ವರ್ಷದ ಕೊನೆಗೆ ನಮ್ಮ ಆಸ್ಪತ್ರೆಯ ಹೊಲಿಗೆ ಕೋಣೆ ಮುಚ್ಚುತ್ತಾರೆ. ಇನ್ನು ಮುಂದೆ ರೋಗಿಗಳಿಗೆ ಬಳಸಿ ಬಿಸಾಡುವ ಗೌನುಗಳಂತೆ, ಕಾಗದದ ಥರ ಇವೆ. ಹರಿದರೆ ಹೊಲಿಯುವುದೇ ಬೇಡ. ಹರಿದದ್ದನ್ನು ಹೊಲಿಯುವ ನಾನೂ ಬೇಡ. ಉಳಿಯಬೇಕೆಂದರೆ ಶಸ್ತ್ರಚಿಕಿತ್ಸೆಯ ಸಾಮಾನುಗಳನ್ನು ಶುದ್ಧ ಮಾಡುವ ವಿಭಾಗಕ್ಕೆ ಹೋಗಬೇಕು. ಅಲ್ಲಿಯ ಯಂತ್ರಗಳ ಪುಸ್ತಕವೆಲ್ಲ ಇಂಗ್ಲಿಷ್. ಅದಕ್ಕೆ ಒಂದು ಪರೀಕ್ಷೆ, ಸೆಪ್ಟೆಂಬರ್ 26ಕ್ಕೆ. ಲೆಕ್ಕ ಹೇಗೋ ಮಾಡಿಯೇನು. ಅರ್ಧ ಪರೀಕ್ಷೆ ಬರೀ ಕಷ್ಟದ ಪದಗಳ ಅರ್ಥ. ಸರಿಯಾದ ಉತ್ತರದ ಪಕ್ಕದ ವೃತ್ತವನ್ನು ಪೆನ್ಸಿಲ್‌ನಿಂದ ತುಂಬಬೇಕಂತೆ.

ನನ್ನ ಓದಿನ ಹಣೆಬರಹ ನಿನಗೆ ಗೊತ್ತು. ಅಮ್ಮ ಹಾಸಿಗೆ ಹಿಡಿದಾಗ ಒಮ್ಮೆ ಶಾಲೆ ಬಿಟ್ಟೆ. ಸಂಜೆ ಶಾಲೆಗೆ ಸೇರಿ ಹತ್ತನೆಯ ತರಗತಿಯ ಪರೀಕ್ಷೆಗೆ ಕೂತಾಗ ನಿನ್ನ ಬೆರಳು ಕಟಿಂಗ್ ಯಂತ್ರಕ್ಕೆ ಸಿಕ್ಕಿತು ಅಂತ ಸುದ್ದಿ ಬಂತು, ಅರ್ಧಕ್ಕೆ ಎದ್ದು ಬಂದೆ. ಪೂರ್ತಿ ಬರೆದ ಪರೀಕ್ಷೆ ಅಂತ ನನ್ನ ಜನ್ಮದಲ್ಲಿ ಒಂದೂ ಇಲ್ಲ.

ನಿನ್ನ ಬೈಂಡಿಂಗ್ ಅಂಗಡಿಯಲ್ಲಿ ಯಾರೋ ರಟ್ಟು ಹಾಕಲು ಕೊಟ್ಟು ಮರೆತುಹೋದ ಇಂಗ್ಲಿಷ್ ಪದಗಳ ಪುಸ್ತಕ ಇದೆ ಅಂದಿದ್ದೆಯಲ್ಲ, ಇನ್ನೂ ಇದೆಯಾ? ಇಲ್ಲಿ ಸಿಗಲಿಲ್ಲ. ಪುಸ್ತಕ ಕಳಿಸಬೇಡ, ಅವರು ಬಂದು ಕೇಳಿದರೆ ನಿನ್ನ ಮರ್ಯಾದೆ ಹೋಗುತ್ತದೆ. ಪದ ಬರೆದು ಕಳಿಸು. ತೊಂದರೆ ಆದರೆ ಬೇಡ. ಆದರೂ ಕಳಿಸು.

ನಿನ್ನ ತಂಗಿ


ಜೂನ್ 17

ಗಾಬರಿ,

(ಈ ಹೆಸರು ನಾನಿಟ್ಟದ್ದು, ಇಂಗ್ಲಿಷ್ ಪರೀಕ್ಷೆ ಪಾಸಾದರೂ ಬದಲಾಗುವುದಿಲ್ಲ.)

ನಾವು ಹುಷಾರಾಗಿದ್ದೇವೆ. ಚಿಲಕ, ನಲ್ಲಿ ಎಲ್ಲ ಹುಷಾರಾಗಿವೆ. ಪುಸ್ತಕ ಇದೆ, ಒಡೆಯ ಬಂದಿಲ್ಲ. ಹೊಲಿಗೆ ಬಿಟ್ಟ ಪುಸ್ತಕ, ನಾನೇ ಹೊಸದಾಗಿ ಹೊಲಿದು ರಟ್ಟು ಹಾಕಿದ್ದೇನೆ. ನೀನು ಬಟ್ಟೆ ಹೊಲಿಯುವವಳು, ನಾನು ಪುಸ್ತಕ ಹೊಲಿಯುವವನು, ಒಳಗೆ ಏನಿದೆ ಅಂತ ಇಬ್ಬರೂ ಇಷ್ಟು ದಿನ ನೋಡಿರಲಿಲ್ಲ.

ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಅರ್ಥಕ್ಕೆ ಪಕ್ಕದ ಔಷಧಿ ಅಂಗಡಿಯವನನ್ನು ಕೇಳಿಕೊಂಡೇ ಬರೆಯುತ್ತೇನೆ. ಮೊದಲ ಪುಟದಿಂದ ಸಾಲು ತಪ್ಪದೆ ಹೋಗೋಣ, ತೀರಾ ಸುಲಭದ್ದನ್ನು ಬಿಡುತ್ತೇನೆ. ಈ ಸಲ ಎ.

ಅಬೇಟ್: ತಗ್ಗು, ಕಡಿಮೆಯಾಗು. ನಿನ್ನ ಗಾಬರಿ ಎಂದೂ ಮಾಡದ ಕೆಲಸ.
ಆಡಮಂಟ್: ಹಟ ಬಿಡದ. ನಿನ್ನ ಅತ್ತಿಗೆ. (ಅವಳಿಗೆ ಹೇಳಬೇಡ.)
ಅಪ್ರಿಹೆನ್ಸಿವ್: ಏನೋ ಕೆಟ್ಟದಾಗುತ್ತದೆ ಅಂತ ಕಾಯುತ್ತ ಕೂತಿರುವ. ಇದರ ಪಕ್ಕ ಪುಸ್ತಕದಲ್ಲಿ ನಿನ್ನ ಫೋಟೊ ಇರಬೇಕಿತ್ತು.

ಉಳಿದ ಹದಿನೈದು ಪದ ಹಿಂಬದಿಯಲ್ಲಿವೆ. ಒಂದು ಮಾತು ಕಿವಿಗೆ ಹಾಕಿಕೋ. ಈ ಸಲ ಯಾರು ಬಂದು ಕರೆದರೂ ಏಳಕೂಡದು. ಕನಸಲ್ಲೂ ಏಳಕೂಡದು.

ಅಣ್ಣ


ಜುಲೈ 2

ಅಣ್ಣಾ,

ಎ ಮುಗಿಯಿತು ಅನ್ನುವಷ್ಟರಲ್ಲಿ ಎಲ್ಲ ಮರೆತುಹೋಯಿತು. ಬೆಳಗ್ಗೆ ಬಾಯಿಪಾಠ, ಮಧ್ಯಾಹ್ನಕ್ಕೆ ಖಾಲಿ. ಇಸ್ತ್ರಿಯಕ್ಕ ಗೊತ್ತಲ್ಲ, ನನ್ನ ಪಕ್ಕದ ಮೇಜಿನಲ್ಲಿ ಇಸ್ತ್ರಿ ಮಾಡುವವರು, ದಿನಾ ಕೇಳುತ್ತಾರೆ.

"ಏನೇ, ಇವತ್ತಿನ ಪದ ಏನು?"

"ಅಬೇಟ್."

"ಅಂದ್ರೆ?"

"ಏನೋ... ಆಗೋದು."

"ಏನಾದ್ರೂ ಆಗೋದಾ? ಹಾಗಾದ್ರೆ ನಾನೂ ಪರೀಕ್ಷೆ ಬರೀತೀನಿ ಬಿಡು."

ಅಳು ಬಂತು. ಪೂರ್ತಿ ಅಳಲಿಲ್ಲ. ಆದರೆ ಹೋದ ವಾರದಿಂದ ಒಂದು ಉಪಾಯ ಹಿಡಿದಿದ್ದೇನೆ. ಈಗ ಒಂದು ಸಲ ಕಲಿತದ್ದು ಹೋಗುವುದೇ ಇಲ್ಲ. ಏನು ಅಂತ ಕೇಳಬೇಡ, ಹೇಳಿದರೆ ನೀನು ನಗುತ್ತೀ, ಇಲ್ಲವೇ ಬೈಯುತ್ತೀ. ಬಿ, ಸಿ ಕಳಿಸು.

ಅತ್ತಿಗೆಯ ಮಂಡಿನೋವು ಹೇಗಿದೆ? ನಿನ್ನ ಪತ್ರದಲ್ಲಿ ಅದರ ಮಾತೇ ಇಲ್ಲ. ಹೆಚ್ಚಾಗಿದೆಯಾ? ಅದಕ್ಕೇ ಬರೆದಿಲ್ಲವಾ?

ತಂಗಿ


ಜುಲೈ 15

ಗಾಬರಿ,

ಮಂಡಿನೋವು ಕಡಿಮೆಯಾಗಿದೆ, ಅದಕ್ಕೇ ಬರೆದಿಲ್ಲ. ಕಡಿಮೆಯಾದದ್ದಕ್ಕೆ ಇಂಗ್ಲಿಷಿನಲ್ಲಿ ಏನು? ಹೇಳು ನೋಡೋಣ.

ಬಿ, ಸಿ, ಡಿ ಮೂರೂ ಕಳಿಸಿದ್ದೇನೆ. ಅಕ್ಷರ ಸೊಟ್ಟ ಇದೆ ಅಂತ ಗಾಬರಿ ಬೀಳಬೇಡ, ಪುಸ್ತಕ ಒತ್ತುವ ಪ್ರೆಸ್ಸಿನ ಚಕ್ರ ತಿರುಗಿಸಿ ಬಲ ಭುಜ ಹಿಡಿದುಕೊಂಡಿದೆ. ಎಣ್ಣೆ ಹಚ್ಚಿಸಿಕೊಂಡರೆ ಹೋಗುತ್ತದೆ.

ಉಪಾಯ ಏನು ಅಂತ ಹೇಳದಿದ್ದರೆ ಇ ಕಳಿಸುವುದಿಲ್ಲ.

ಅಣ್ಣ


ಆಗಸ್ಟ್ 3

ಅಣ್ಣಾ,

ನನ್ನ ಕಥೆ ಮುಗಿಯಿತು ಅಂದುಕೊಂಡಿದ್ದೆ. ಪೂರ್ತಿ ಮುಗಿದಿಲ್ಲ. ಮೊದಲಿಂದ ಹೇಳುತ್ತೇನೆ.

ಉಪಾಯ ಇಷ್ಟೆ. ನನ್ನ ತಲೆಯಲ್ಲಿ ನಿಲ್ಲದ್ದು ಬೆರಳಲ್ಲಿ ನಿಲ್ಲುತ್ತದೆ. ಗೌನಿನ ಕೆಳಗಿನ ಅಂಚು ಹೊಲಿಯುವಾಗ, ಮಡಿಕೆ ಮುಚ್ಚುವ ಮೊದಲು, ಒಳಗಡೆ ಬಿಳಿ ದಾರದಲ್ಲಿ ಆ ದಿನದ ಪದವನ್ನು ಸಣ್ಣದಾಗಿ ಹೊಲಿಯುತ್ತಿದ್ದೆ. ಒಂದೊಂದು ಅಕ್ಷರಕ್ಕೂ ನಾಲ್ಕೈದು ಹೊಲಿಗೆ. ಹೊಲಿಯುತ್ತ ಅರ್ಥ ಹೇಳಿಕೊಳ್ಳುವುದು. ಆಮೇಲೆ ಮಡಿಕೆ ಮುಚ್ಚಿಬಿಡುವುದು. ಬಿಳಿ ಬಟ್ಟೆ, ಬಿಳಿ ದಾರ, ಮಡಿಕೆಯ ಒಳಗೆ. ಯಾರು ನೋಡುತ್ತಾರೆ?

ಒಬ್ಬ ಅಜ್ಜ ನೋಡಿದರು. ಹೊಟ್ಟೆ ಆಪರೇಷನ್‌ಗೆ ಬಂದವರು. ಹಾಸಿಗೆಯಲ್ಲಿ ಹೊತ್ತು ಹೋಗದೆ ಗೌನಿನ ಅಂಚು ಕೀಳುತ್ತ ಕೂತಿದ್ದಾರೆ. ದಾರ ಬಿಟ್ಟಿದೆ, ಮಡಿಕೆ ಬಿಚ್ಚಿಕೊಂಡಿದೆ, ಒಳಗೆ ಡಿಫಂಕ್ಟ್ ಅಂತ ಇದೆ. ಪುಣ್ಯಾತ್ಮರಿಗೆ ಇಂಗ್ಲಿಷ್ ಬೇರೆ ಬರುತ್ತದೆ.

ನೀನೇ ಕಳಿಸಿದ ಪದ. ಡಿಫಂಕ್ಟ್: ಸತ್ತುಹೋದ, ಮುಗಿದುಹೋದ.

ಆಪರೇಷನ್ ಬೇಡವೇ ಬೇಡ ಅಂತ ಅಜ್ಜ ಎದ್ದು ಕೂತರಂತೆ. "ನಂಗೇನಾಗುತ್ತೆ ಅಂತ ನಿಮಗೆ ಮೊದಲೇ ಗೊತ್ತು! ಬಟ್ಟೆ ಮೇಲೂ ಬರ್ಕೊಂಡಿದ್ದೀರಿ!" ಅವರ ಮಗಳ ಅಳು, ಡಾಕ್ಟರ ಕೂಗಾಟ. ಮೇಟ್ರನ್ ಗೌನು ಹಿಡಿದು ನೇರ ನಮ್ಮ ಕೋಣೆಗೆ ಬಂದರು. ಯಾರು ಮಾಡಿದ್ದು ಅಂತ ಕೇಳಲೂ ಇಲ್ಲ. ಅದರ ಹೊಲಿಗೆ ನೋಡಿದರು, ನನ್ನ ಮೇಜಿನ ಮೇಲಿದ್ದ ದಿಂಬಿನ ಗವಸಿನ ಹೊಲಿಗೆ ನೋಡಿದರು.

"ಇದೇನಮ್ಮಾ ಇದು?"

"ಓದ್ಕೊಳ್ತಿದ್ದೆ ಮೇಡಂ."

"ಗೌನಿನಲ್ಲಾ?"

"ಕಾಗದದಲ್ಲಿ ಓದಿದ್ರೆ ನಿಲ್ಲಲ್ಲ ಮೇಡಂ."

"ಇನ್ನೆಷ್ಟು ಗೌನಿನಲ್ಲಿ ಓದ್ಕೊಂಡಿದ್ದೀಯಾ?"

ನಾನು ಸುಳ್ಳು ಹೇಳಲು ಬಾಯಿ ತೆರೆದೆ. ಇಸ್ತ್ರಿಯಕ್ಕ ಹಿಂದಿನಿಂದ, "ಎ ಇಂದ ಡಿ ತನಕ ಮುಗಿದಿದೆ ಮೇಡಂ" ಅಂದುಬಿಟ್ಟರು. ನನ್ನ ಪರವಾಗಿಯೇ ಹೇಳಿದ್ದಂತೆ.

ಪರೀಕ್ಷೆಗೆ ಕೂರಲು ಮೇಟ್ರನ್ ಸಹಿ ಬೇಕು. ಒಗೆಯಲು ಬರುವ ಒಂದೊಂದು ಗೌನನ್ನೂ ತಡಕಿ, ಅಂಚು ಬಿಚ್ಚಿ, ಪದ ತೆಗೆದು, ಮತ್ತೆ ಹೊಲಿದು ಮುಗಿಸುವ ತನಕ ಸಹಿ ಇಲ್ಲ ಅಂದಿದ್ದಾರೆ. ಅಜ್ಜನ ಹತ್ತಿರ ನಾನೇ ಹೋಗಿ ಕ್ಷಮೆ ಕೇಳಿದೆ. ನನ್ನನ್ನು ಕಾಲಿಂದ ತಲೆಯವರೆಗೆ ನೋಡಿ, "ಇನ್ನೇನೇನು ಬರೆದಿದ್ದೀಯಾ?" ಅಂದರು. ಡಿಕ್ರೆಪಿಟ್ ಅಂದೆ. "ಹಾಂ, ಅದು ಕೊಟ್ಟಿದ್ರೆ ಒಪ್ಕೊಳ್ತಿದ್ದೆ" ಅಂದರು. ಮುದಿತನದಿಂದ ಜೀರ್ಣವಾದದ್ದು ಅಂತ ಅರ್ಥ. ಮಾರನೆಯ ದಿನ ಆಪರೇಷನ್‌ಗೆ ಹೋದರು, ಚೆನ್ನಾಗಿದ್ದಾರೆ.

ಅಣ್ಣಾ, ಡಿ ಅಕ್ಷರದಲ್ಲಿ ಒಂದಾದರೂ ಒಳ್ಳೆಯ ಪದ ಇಲ್ಲವಾ?

ತಂಗಿ


ಆಗಸ್ಟ್ 19

ಗಾಬರಿ,

ಪತ್ರ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಉತ್ತರ ತಡವಾಯಿತು. ಇದನ್ನು ನಾನು ಹೇಳಿ ನಿನ್ನ ಅತ್ತಿಗೆ ಬರೆಯುತ್ತಿದ್ದಾಳೆ. ಅವಳ ಅಕ್ಷರ ನನ್ನದಕ್ಕಿಂತ ದುಂಡಗಿದೆ, ಅಭ್ಯಾಸ ತಪ್ಪಬಾರದು ಅಂತ.

ಬಿಚ್ಚುವ ಕೆಲಸ ಶಿಕ್ಷೆ ಅಂದುಕೊಳ್ಳಬೇಡ. ಯಾವ ಗೌನಿನಲ್ಲಿ ಯಾವ ಪದ ಇದೆಯೋ ನಿನಗೇ ಗೊತ್ತಿಲ್ಲ ತಾನೆ? ಸಾಲು ಸಾಲಾಗಿ ಬರದೆ ಹೇಗೆ ಹೇಗೋ ಬರುತ್ತವೆ. ಪರೀಕ್ಷೆಯಲ್ಲೂ ಹಾಗೇ ಬರುತ್ತವೆ. ಅರ್ಥ ಹೇಳದೆ ದಾರ ಕೀಳಬೇಡ.

ಒಂದು ವಿಷಯ ಕೇಳಬೇಕಿತ್ತು. ಆಸ್ಪತ್ರೆಯ ಗೌನಿಗೆ ದಾರ ಯಾಕೆ ಹಿಂದುಗಡೆ ಕಟ್ಟುತ್ತಾರೆ? ಒಬ್ಬನೇ ಕಟ್ಟಿಕೊಳ್ಳುವ ಹಾಗೇ ಇಲ್ಲವಲ್ಲ.

ಇ, ಎಫ್ ಕಳಿಸಿದ್ದೇನೆ.

ಅಣ್ಣ


ಆಗಸ್ಟ್ 27

ಅಣ್ಣಾ,

ನಿನಗೆ ನನ್ನ ಮೇಲೆ ಕೋಪ. ಇಲ್ಲ ಅನ್ನಬೇಡ. ಆಸ್ಪತ್ರೆಯಲ್ಲಿ ಮರ್ಯಾದೆ ಕಳೆದುಕೊಂಡಳು ಅಂತ ಬೇಜಾರಾಗಿದೆ, ಅದಕ್ಕೇ ಸ್ವಂತ ಕೈಯಲ್ಲಿ ಬರೆಯಲಿಲ್ಲ. ಗೌನಿನ ದಾರದ ಮಾತು ಎತ್ತಿ ಚುಚ್ಚಿದ್ದೂ ಗೊತ್ತಾಯಿತು. ಕೇಳಿದ್ದೀ ಅಂತ ಹೇಳುತ್ತೇನೆ. ಮಲಗಿದವರನ್ನು ಎಬ್ಬಿಸದೆ ಮುಂದಿನಿಂದ ತೆಗೆಯಲು ಬರಲಿ ಅಂತ ಹಾಗೆ ಹೊಲಿಯುತ್ತಾರೆ. ಒಬ್ಬರೇ ಕಟ್ಟಿಕೊಳ್ಳಲು ಆಗುವುದಿಲ್ಲ, ಯಾರಾದರೂ ಜೊತೆಗಿರಬೇಕು. ತಮಾಷೆ ಸಾಕು.

ಬಿಚ್ಚುವುದು ಮುಗಿಯುತ್ತ ಬಂತು. ನೀನು ಹೇಳಿದ ಹಾಗೇ ಮಾಡಿದೆ, ನಿಜವಾಗಿ ಅದೇ ದೊಡ್ಡ ಓದಾಯಿತು. ಇಸ್ತ್ರಿಯಕ್ಕ ಪಕ್ಕದಲ್ಲಿ ನಿಂತು, "ಕ್ಯಾಂಡಿಡ್, ಹೇಳು" ಅಂತಾರೆ, ಮುಚ್ಚುಮರೆಯಿಲ್ಲದ ಅನ್ನುತ್ತೇನೆ. ಅವರಿಗೇ ಅರ್ಧ ಬಾಯಿಪಾಠ ಆಗಿದೆ. ಮೊನ್ನೆ ಮೇಟ್ರನ್ನರಿಗೆ, "ಇವತ್ತು ಕೆಲಸ ಅಬೇಟ್ ಆಗಿದೆ ಮೇಡಂ" ಅಂದರು. ಮೇಟ್ರನ್ ನಕ್ಕುಬಿಟ್ಟರು. ಅದೇ ಹೊತ್ತು ನೋಡಿ ಅರ್ಜಿ ಮುಂದಿಟ್ಟೆ. ಸಹಿ ಆಯಿತು.

ಕೋಪ ಇಳಿದ ಮೇಲೆ ಬರಿ.

ತಂಗಿ


ಸೆಪ್ಟೆಂಬರ್ 7

ಚಿರಂಜೀವಿ ನಾದಿನಿಗೆ ಅತ್ತಿಗೆಯ ಆಶೀರ್ವಾದಗಳು.

ನಿಮ್ಮಣ್ಣನಿಗೆ ಯಾವ ಕೋಪವೂ ಇಲ್ಲಮ್ಮ. ಶಾಲೆಗಳ ಪುಸ್ತಕದ ಕೆಲಸ ಒಟ್ಟಿಗೆ ಬಂದು ಬಿಡುವಿಲ್ಲ, ಅಂಗಡಿಯಲ್ಲೇ ಇದ್ದಾರೆ. ನಿನಗೆ ಪದ ಕಳಿಸುವುದು ತಪ್ಪಬಾರದು ಅಂತ ನಾನೇ ಬರೆಯುತ್ತಿದ್ದೇನೆ. ನನಗೆ ಇಂಗ್ಲಿಷ್ ಬರುವುದಿಲ್ಲ. ಪುಸ್ತಕದಲ್ಲಿ ಅವರು ಪೆನ್ಸಿಲ್ ಗುರುತು ಹಾಕಿ, ಪಕ್ಕದಲ್ಲಿ ಕನ್ನಡ ಬರೆದುಕೊಂಡ ಪದಗಳನ್ನು ಇದ್ದಹಾಗೆ ಬರೆದಿದ್ದೇನೆ. ಐದೇ ಇದ್ದವು.

ಪ್ಯಾಲ್ಪಬಲ್: ಮುಟ್ಟಿದರೆ ಕೈಗೆ ಸಿಗುವಂಥದ್ದು.
ಎಕ್ಸೈಸ್: ಕತ್ತರಿಸಿ ತೆಗೆ.
ಮ್ಯಾಲಿಗ್ನೆಂಟ್: ಕೇಡು ಮಾಡುವ, ಹರಡುವ.
ಬಿನೈನ್: ಕೇಡಿಲ್ಲದ, ಸೌಮ್ಯ.
ಪ್ರಾಗ್ನೋಸಿಸ್: ಮುಂದೇನಾಗಬಹುದು ಎಂಬ ಅಂದಾಜು.

ಚೆನ್ನಾಗಿ ಓದು. ಇಲ್ಲಿಯ ಚಿಂತೆ ಬೇಡ.

ಅತ್ತಿಗೆ


ಸೆಪ್ಟೆಂಬರ್ 14

ಅಣ್ಣಾ,

ಅತ್ತಿಗೆ ಬರೆದ ಪತ್ರ ಬಂತು. ಐದು ಪದಗಳನ್ನೂ ಕಲಿತೆ. ಹೊಲಿಯದೆಯೇ ನೆನಪಾದವು.

ಇಲ್ಲಿ ಎಲ್ಲ ಸರಿಯಾಗಿದೆ. ಪರೀಕ್ಷೆಯ ಹಾಲ್ ನೋಡಿ ಬಂದೆ. ಪೆನ್ಸಿಲ್ ಎರಡು ತೆಗೆದಿಟ್ಟಿದ್ದೇನೆ. ಕೆಲಸ ಹೆಚ್ಚಿದ್ದರೆ ಪದ ಕಳಿಸಬೇಡ, ಇಷ್ಟು ಸಾಕು.

ಒಂದು ಪೊಟ್ಟಣ ಬೇರೆಯಾಗಿ ಕಳಿಸಿದ್ದೇನೆ. ಮೆತ್ತನೆಯ ಹತ್ತಿ ಬಟ್ಟೆ, ಮೂರು ಸಲ ಒಗೆದದ್ದು. ನಾನೇ ಹೊಲಿದದ್ದು. ದಾರ ಮುಂದೆ, ಎಡಗೈಗೆ ಸಿಗುವ ಹಾಗೆ ಇಟ್ಟಿದ್ದೇನೆ. ಬೇಕಾದಾಗ ಹಾಕಿಕೋ, ಬೇಡವಾದರೆ ಅಂಗಡಿಯಲ್ಲಿ ಅಂಟು ಒರೆಸಲು ಇಟ್ಟುಕೋ.

ತಂಗಿ


ಅಕ್ಟೋಬರ್ 1

ಗಾಬರಿ,

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಕೋಳಿ ಕೆರೆದ ಹಾಗಿದೆ, ಸಹಿಸಿಕೋ. ಪರೀಕ್ಷೆ ಮುಗಿಯಿತಲ್ಲ, ಈಗ ಹೇಳಬಹುದು. ಭುಜದ ನೋವು ಚಕ್ರ ತಿರುಗಿಸಿ ಬಂದದ್ದಲ್ಲ. ಒಳಗೊಂದು ಗಂಟು ಇತ್ತು. ಡಾಕ್ಟರು ಚೀಟಿಯಲ್ಲಿ ಬರೆದದ್ದನ್ನು ಪುಸ್ತಕದಲ್ಲಿ ಹುಡುಕಿ ಗುರುತು ಹಾಕಿಕೊಂಡಿದ್ದೆ. ನಿನ್ನ ಅತ್ತಿಗೆ ಅದನ್ನೇ ನಿನಗೆ ಕಳಿಸಿದಳು ಅಂತ ಪೊಟ್ಟಣ ಬಿಚ್ಚಿದ ಮೇಲೇ ಗೊತ್ತಾದದ್ದು. ಗೌನು ನೋಡಿ ಇಬ್ಬರೂ ಮುಖ ಮುಖ ನೋಡಿಕೊಂಡೆವು.

ಮೊದಲೇ ಹೇಳಿದ್ದರೆ ನೀನು ಬಸ್ಸು ಹತ್ತುತ್ತಿದ್ದೆ. ಒಮ್ಮೆ ಅಮ್ಮನಿಗಾಗಿ ಎದ್ದೆ, ಇನ್ನೊಮ್ಮೆ ನನ್ನ ಒಂದು ಬೆರಳಿಗಾಗಿ ಎದ್ದೆ. ಮೂರನೆಯ ಸಲವೂ ನಾನೇ ಎಬ್ಬಿಸಿದೆ ಅಂತಾಗುವುದು ಬೇಡವಾಗಿತ್ತು. 21ಕ್ಕೆ ತೆಗೆದರು. ನಿನ್ನ ಗೌನೇ ಹಾಕಿಕೊಳ್ಳುತ್ತೇನೆ ಅಂದೆ, ನರ್ಸಮ್ಮ ಮೊದಲು ಒಪ್ಪಲಿಲ್ಲ, ಆಮೇಲೆ ಬಟ್ಟೆ ಮುಟ್ಟಿ ನೋಡಿ, "ಯಾರಪ್ಪ ಹೊಲಿದಿದ್ದು?" ಅಂದರು. ಆಪರೇಷನ್ ಹೊತ್ತಿಗೆ ಅವರದ್ದು, ಮಿಕ್ಕ ದಿನವೆಲ್ಲ ನಿನ್ನದು.

ತೆಗೆದದ್ದನ್ನು ಪರೀಕ್ಷೆಗೆ ಕಳಿಸಿ ವರದಿ ಬಂದಿದೆ. ಬಿನೈನ್ ಅಂತ ಡಾಕ್ಟರು ಹೇಳಿದರು. ಅರ್ಥ ನಿನಗೇ ಗೊತ್ತು.

ಈಗ ನಿಜ ಹೇಳು. ಗೊತ್ತಿದ್ದೂ ಪರೀಕ್ಷೆಗೆ ಕೂತೆಯಾ, ಇಲ್ಲ ಎದ್ದು ಹೋದೆಯಾ?

ಅಣ್ಣ


ಅಕ್ಟೋಬರ್ 9

ಅಣ್ಣಾ,

ಅತ್ತಿಗೆಯ ಪತ್ರ ಓದಿದ ದಿನವೇ ಗೊತ್ತಾಯಿತು. ಎಫ್ ತನಕ ಸಾಲು ತಪ್ಪದೆ ಬಂದವನು ಒಮ್ಮೆಲೇ ಪಿ, ಇ, ಎಂ, ಬಿ ಅಂತ ಯಾಕೆ ಹಾರುತ್ತೀ? ಆ ಐದು ಪದ ಒಟ್ಟಿಗೆ ಎಲ್ಲಿ ಕೇಳುತ್ತವೆ ಅಂತ ನನಗೆ ಗೊತ್ತು, ನಾನು ಕೆಲಸ ಮಾಡುವುದು ಆಸ್ಪತ್ರೆಯಲ್ಲಿ. ಸೊಟ್ಟ ಅಕ್ಷರ, ಅತ್ತಿಗೆಯ ಕೈಬರಹ, ಗೌನಿನ ದಾರದ ಪ್ರಶ್ನೆ, ಎಲ್ಲ ಆಗ ಕೂಡಿಕೊಂಡವು. ಕೋಪ ಅಂದುಕೊಂಡಿದ್ದೆನಲ್ಲ, ನನ್ನ ಬುದ್ಧಿಗಿಷ್ಟು.

ಚೀಲ ತುಂಬಿಕೊಂಡು ಬಸ್ ನಿಲ್ದಾಣಕ್ಕೂ ಹೋದೆ. ಸುಳ್ಳು ಯಾಕೆ ಹೇಳಲಿ? ಬಸ್ಸು ಬಂತು, ಬಾಗಿಲು ತೆರೆಯಿತು. ಕಂಡಕ್ಟರ್, "ಹತ್ತೋದಾದ್ರೆ ಹತ್ತಮ್ಮಾ, ನಿಂತ್ಕೊಂಡು ನೋಡೋಕೆ ಇದೇನು ಸಿನಿಮಾನಾ?" ಅಂದ. ನೀನು ನನ್ನಿಂದ ಮುಚ್ಚಿಟ್ಟದ್ದು ಯಾವ ಕಾರಣಕ್ಕೆ ಅಂತ ಆಗ ಹೊಳೆಯಿತು. ನಾನು ಹತ್ತಿದರೆ ನೀನು ಇಷ್ಟು ದಿನ ನೋವು ನುಂಗಿ ಬರೆದ ಸುಳ್ಳೆಲ್ಲ ವ್ಯರ್ಥ. ಹತ್ತಲಿಲ್ಲ. ವಾಪಸು ಬಂದು ಗೌನು ಕತ್ತರಿಸಿದೆ. ನನಗೆ ಗೊತ್ತಾಗಿದೆ ಅಂತ ನಿನಗೆ ಗೊತ್ತಾದರೆ ನೀನು ಇನ್ನೊಂದು ಚಿಂತೆ ಹೊರುತ್ತೀ ಅಂತ ಪತ್ರದಲ್ಲಿ ಬಾಯಿಬಿಡಲಿಲ್ಲ. ಗೌನು ಬಾಯಿಬಿಟ್ಟಿತು.

ಪರೀಕ್ಷೆಯಲ್ಲಿ ಬಾಗಿಲ ಕಡೆಗೇ ಮನಸ್ಸು. ಯಾರೋ ಬರುತ್ತಾರೆ, ಹೊರಗೆ ಮನೆಯವರು ಕಾಯುತ್ತಿದ್ದಾರೆ ಅನ್ನುತ್ತಾರೆ ಅಂತ. ಮೇಲ್ವಿಚಾರಕರು ನನ್ನ ಪಕ್ಕ ಬಂದು ನಿಂತರು ಕೂಡ. ಏಳುವುದಿಲ್ಲ ಅಂತ ಮೇಜಿನ ಅಂಚು ಹಿಡಿದುಕೊಂಡೆ. "ಪೆನ್ಸಿಲ್ ಕೆಳಗೆ ಬಿದ್ದಿದೆ" ಅಂದರು. ಎತ್ತಿಕೊಂಡು ಬರೆದೆ. ಕೊನೆಯ ವೃತ್ತದ ತನಕ ತುಂಬಿದೆ, ಗಂಟೆ ಹೊಡೆದ ಮೇಲೇ ಎದ್ದೆ. ಡಿಫಂಕ್ಟ್ ಬಂದಿತ್ತು. ಅಜ್ಜನನ್ನು ನೆನೆದುಕೊಂಡು ತುಂಬಿದೆ.

ಬರೆಯಲು ಮರೆತೆ, ಪಾಸಾಗಿದ್ದೇನೆ. ನಿನ್ನೆ ಪಟ್ಟಿ ಹಾಕಿದರು. ಇಸ್ತ್ರಿಯಕ್ಕ ನೋಡಿಕೊಂಡು ಬಂದು, ಮೇಟ್ರನ್ ಎದುರಿಗೇ, "ನೋಡಿದ್ರಾ, ನಮ್ಮ ಗೌನು ಪಾಸಾಯ್ತು" ಅಂದರು. ಹೊಸ ವರ್ಷದಿಂದ ಹೊಸ ವಿಭಾಗ. ಅಲ್ಲಿ ಬಿಸಿ ಹಬೆಯ ಯಂತ್ರ ಇದೆ, ಅದು ಸಿಡಿಯುತ್ತದೆಯಾ ಅಂತ ಈಗಲೇ ಚಿಂತೆ ಹತ್ತಿದೆ. ಅದಿರಲಿ.

ಶನಿವಾರ ರಜೆ ಹಾಕಿ ಬರುತ್ತೇನೆ. ಅಷ್ಟರವರೆಗೆ ನನಗೆ ನಿದ್ದೆ ಬರುವ ಹಾಗೆ ಒಂದು ಕೆಲಸ ಮಾಡು. ಡಾಕ್ಟರು ಬಾಯಲ್ಲಿ ಹೇಳಿದ್ದನ್ನು ನೀನು ಕೇಳಿದ್ದೀ, ವರದಿಯನ್ನು ನೀನೇ ಓದಿದ್ದೀಯಾ ಇಲ್ಲವಾ ಅಂತ ಬರೆದಿಲ್ಲ. ಗೌನಿನ ಬಲಗಡೆ ಕೆಳ ಅಂಚನ್ನು ಅತ್ತಿಗೆಯ ಕೈಯಲ್ಲಿ ಬಿಚ್ಚಿಸು. ಮಡಿಕೆಯ ಒಳಗೆ ಒಂದು ಪದ ಇದೆ, ಈ ಸಲ ನೀಲಿ ದಾರ, ದೊಡ್ಡ ಅಕ್ಷರ. ಯಾವುದು ಅಂತ ನಿನಗೆ ಹೇಳಬೇಕಾಗಿಲ್ಲ. ವರದಿ ಬರುವ ಮೊದಲೇ ಹೊಲಿದದ್ದು. ಅದನ್ನು ವರದಿಯ ಪಕ್ಕದಲ್ಲಿ ಹರಡಿಕೊಂಡು, ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಒಂದೇನಾ ಅಂತ ಇನ್ನೊಮ್ಮೆ ನೋಡಿ ಬರಿ.

ತಂಗಿ